ಬಚ್ಚಲುಮನೆಯ ಬೆಂಕಿಗೂ ಉಸಿರು ಬೇಕು

ಬಿಸಿನೀರಿನ ಸ್ನಾನವು ನಮ್ಮ ಹಳ್ಳಿಗಳ ಸಂಸಾರಗಳಲ್ಲಿ ನಿತ್ಯದ ನಿಯಮ. ದುಡಿದು ದಣಿದ ಮೈಗೆ ಅದು ಹಿತಕರ. ಬಸುರಿಗೆ, ಬಾಣಂತಿಗೆ, ಎಳೆಯ ಕೂಸಿಗೆ, ವಯೋವೃದ್ಧರಿಗೆ ಅದು ಅಗತ್ಯ. ನೀರು ಕಾಯಿಸಲು ನಮ್ಮ ಹಿರಿಯರು ಹಂಡೆಯ ಒಲೆಯನ್ನು ಕಟ್ಟುತ್ತಿದ್ದರು. ಹಳೆಯ ಮನೆಗಳಲ್ಲಿ ಈ ಒಲೆಯನ್ನು ಕಟ್ಟಿರುವ ಕ್ರಮವನ್ನು ಗಮನಿಸಿರಿ. ತಾಮ್ರದ ಹಂಡೆಯು ಬಚ್ಚಲುಮನೆಯ ಒಳಗಿರುತ್ತದೆ. ಆದರೆ ಅನೇಕ ಮನೆಗಳಲ್ಲಿ ಸೌದೆ ಇಡುವ ಒಲೆಯ ಬಾಯಿಯು ಗೋಡೆಯ ಹೊರಗೆ, ಹಿತ್ತಲ ಕಡೆಗೆ ಇರುತ್ತದೆ. ಬೆಂಕಿಯು ಹೊರಗಿನ ಗಾಳಿಯನ್ನು ಉಂಡು ಹೊಗೆಯನ್ನು ಹೊರಗೇ ಬಿಡುತ್ತದೆ. ಶಾಖ ಮಾತ್ರ ಒಳಗೆ ಬರುತ್ತದೆ. ಒಲೆಯು ಒಳಗೇ ಇದ್ದ ಮನೆಗಳಲ್ಲಿಯೂ ಹೆಂಚಿನ ಸಂದುಗಳು, ಮಾಡಿನ ಕೆಳಗಿನ ತೆರಪು, ಗೋಡೆಯ ಗವಾಕ್ಷಿ ಇವೆಲ್ಲ ಹೊಗೆಗೆ ದಾರಿಯಾಗಿದ್ದವು.

ಇಂದು ಕಾಲ ಬದಲಾಗಿದೆ. ಹೆಂಚಿನ ಮಾಡಿನ ಬದಲು ಕಾಂಕ್ರೀಟಿನ ತಾರಸಿ ಬಂದಿದೆ. ಬಚ್ಚಲುಮನೆಯು ಚಿಕ್ಕದಾಗಿದೆ, ಅದರ ಕಿಟಕಿಗೆ ಗಾಜು, ಬಾಗಿಲಿಗೆ ಭದ್ರವಾದ ಚಿಲಕ ಬಂದಿವೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ನಂತರ ಅಡುಗೆ ಅನಿಲವು ಇನ್ನೂ ಹೆಚ್ಚಿನ ಗ್ರಾಮೀಣ ಮನೆಗಳಿಗೆ ತಲುಪಿದೆ. ಅಡುಗೆಮನೆಯ ಹೊಗೆ ಕಡಿಮೆಯಾದುದು ತಾಯಂದಿರ ಕಣ್ಣಿಗೂ ಶ್ವಾಸಕೋಶಕ್ಕೂ ದೊಡ್ಡ ಉಪಕಾರ. ಅದರ ಹಿಂದೆಯೇ ಅನೇಕ ಮನೆಗಳಿಗೆ ಗ್ಯಾಸ್ ಗೀಸರ್ ಬಂದಿದೆ. ನಲ್ಲಿ ತಿರುಗಿಸಿದೊಡನೆ ಬಿಸಿನೀರು ಬರುತ್ತದೆ. ವಿದ್ಯುತ್ತು ಹೋಗಿದ್ದರೂ ತೊಂದರೆಯಿಲ್ಲ. ಈ ಸೌಕರ್ಯವನ್ನು ದೂರಬೇಕಾದುದಿಲ್ಲ. ಆದರೆ ಇದರೊಡನೆ ಒಂದು ಮಾರ್ಪಾಟು ನಮಗೆ ಅರಿವಿಲ್ಲದಂತೆ ನಡೆದುಹೋಗಿದೆ. ಗೋಡೆಯ ಹೊರಗಿದ್ದ ಬೆಂಕಿಯು ಒಳಗೆ ಬಂದಿದೆ. ಗಾಳಿ ಮತ್ತು ಹೊಗೆಯ ದಾರಿಗಳು ಮುಚ್ಚಿಹೋಗಿವೆ. ಇದರಿಂದ ಒದಗುವ ಅಪಾಯ ಯಾವುದು, ಅದನ್ನು ದಂಪತಿಗಳು ಹೇಗೆ ನಿವಾರಿಸಬಹುದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಒಂದು ಸಂಸಾರದಲ್ಲಿ ನಡೆದುದು

ಕೆಲವು ವರ್ಷಗಳ ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಐದು ತಿಂಗಳ ಗರ್ಭಿಣಿಯೊಬ್ಬರು ಬಂದರು. ಆಗಾಗ ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತವೆಂದು ಹೇಳಿದರು. ಪರೀಕ್ಷಿಸಿದಾಗ ರಕ್ತಹೀನತೆ ಸ್ವಲ್ಪ ಮಟ್ಟಿಗೆ ಕಂಡುಬಂದಿತು. ಗರ್ಭಿಣಿಯರಲ್ಲಿ ಇದು ಸಾಮಾನ್ಯವಾದುದರಿಂದ ನಾನು ಕಬ್ಬಿಣಾಂಶದ ಮಾತ್ರೆಗಳನ್ನು ಕೊಟ್ಟು, ಸೊಪ್ಪು ತರಕಾರಿಗಳನ್ನು ತಿನ್ನಲು ಹೇಳಿ ಕಳುಹಿಸಿದೆನು. ಮತ್ತೊಮ್ಮೆ ಬಂದಾಗಲೂ ಅದೇ ದೂರು. ಆಗಲೂ ಅದೇ ಸಲಹೆಯನ್ನು ಕೊಟ್ಟೆನು.

ದೀಪಾವಳಿ ಬಂದಿತು. ನರಕ ಚತುರ್ದಶಿಯ ಬೆಳಗಿನ ಜಾವ ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಎಣ್ಣೆಸ್ನಾನ ಮಾಡಿದರು. ಗೀಸರ್ ಬಚ್ಚಲುಮನೆಯ ಒಳಗಿನ ಗೋಡೆಯ ಮೇಲಿತ್ತು. ಚಳಿಯೆಂದು ಕಿಟಕಿಯ ಗಾಜನ್ನು ಮುಚ್ಚಲಾಗಿತ್ತು. ಕೊನೆಯಲ್ಲಿ ಹೋದವರು ಆ ಗರ್ಭಿಣಿ. ಅರ್ಧ ಗಂಟೆಯಾದರೂ ಅವರು ಹೊರಗೆ ಬರಲಿಲ್ಲ, ಕರೆದರೆ ಉತ್ತರವಿಲ್ಲ. ಪತಿಯು ಬಾಗಿಲನ್ನು ಒದ್ದು ಚಿಲಕ ಮುರಿದು ನೋಡಿದಾಗ ಆಕೆ ಪ್ರಜ್ಞೆತಪ್ಪಿ ಬಿದ್ದಿದ್ದರು. ನಲ್ಲಿಯಿಂದ ಬಿಸಿನೀರು ಇನ್ನೂ ಹರಿಯುತ್ತಿತ್ತು. ಆರೋಗ್ಯ ಕೇಂದ್ರಕ್ಕೆ ಕರೆತಂದ ಕೂಡಲೇ ಆಮ್ಲಜನಕ ಕೊಟ್ಟು, 108 ವಾಹನದಲ್ಲಿ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕಳುಹಿಸಿದೆವು. ತಾಯಿ ಉಳಿದರು. ಗರ್ಭದಲ್ಲಿದ್ದ ಶಿಶು ಉಳಿಯಲಿಲ್ಲ.

ಆಮೇಲೆ ಆಕೆಯ ಪತಿ ನನಗೆ ಹೇಳಿದ ಮಾತು ಇದು: "ಡಾಕ್ಟರೇ, ಭಾನುವಾರ ತಲೆಗೆ ನೀರು ಹಾಕಿಕೊಂಡ ದಿನ ನನಗೂ ತಲೆನೋವು ಬರುತ್ತಿತ್ತು. ಬಿಸಿನೀರು ಹೆಚ್ಚಾಯಿತೇನೋ ಎಂದುಕೊಂಡಿದ್ದೆ." ತಲೆನೋವು ಬರುತ್ತಿದ್ದುದು ಸ್ನಾನದ ನಂತರ, ಹೊರಗಿನ ಗಾಳಿಗೆ ಬಂದು ಸ್ವಲ್ಪ ಹೊತ್ತು ಕುಳಿತರೆ ಅದು ಇಳಿಯುತ್ತಿತ್ತು ಎಂಬುದನ್ನು ಅವರಿಬ್ಬರೂ ಬಲ್ಲರು. ನಾನು ಕೇಳಲಿಲ್ಲ, ಆದುದರಿಂದ ಅವರು ಹೇಳಲಿಲ್ಲ. "ನಿಮ್ಮ ಮನೆಯಲ್ಲಿ ಸ್ನಾನದ ನೀರನ್ನು ಹೇಗೆ ಕಾಯಿಸುತ್ತೀರಿ?" ಎಂಬ ಒಂದು ಪ್ರಶ್ನೆಯನ್ನು ಮೊದಲ ದಿನವೇ ನಾನು ಕೇಳಬೇಕಾಗಿತ್ತು. ಅಂದಿನಿಂದ ತಲೆನೋವೆಂದು ಬರುವ ಪ್ರತಿಯೊಬ್ಬ ಗರ್ಭಿಣಿಗೂ ಆ ಪ್ರಶ್ನೆಯನ್ನು ಕೇಳುತ್ತಿದ್ದೇನೆ. ಈ ಲೇಖನವನ್ನು ಓದುವ ದಂಪತಿಗಳು ವೈದ್ಯರು ಕೇಳುವವರೆಗೆ ಕಾಯಬಾರದು.

ಬೆಂಕಿಯು ಉಸಿರಾಡುವ ಬಗೆ

ಉರಿಯುವ ದೀಪದ ಮೇಲೆ ಒಂದು ಪಾತ್ರೆಯನ್ನು ಬೋರಲು ಹಾಕಿದರೆ ದೀಪವು ಸ್ವಲ್ಪ ಹೊತ್ತಿನಲ್ಲಿ ನಂದುತ್ತದೆ. ಎಣ್ಣೆ ಇದೆ, ಬತ್ತಿ ಇದೆ, ಆದರೆ ಗಾಳಿಯಿಲ್ಲ. ನಾವು ಉಸಿರಾಡುವ ಗಾಳಿಯ ನೂರು ಭಾಗಗಳಲ್ಲಿ ಸುಮಾರು 21 ಭಾಗ ಆಮ್ಲಜನಕವಿದೆ. ಮನುಷ್ಯನಂತೆ ಬೆಂಕಿಗೂ ಇದೇ ಪ್ರಾಣಾಧಾರ.

ಅಡುಗೆ ಅನಿಲಕ್ಕೆ ಸಾಕಷ್ಟು ಗಾಳಿ ದೊರೆತಾಗ ಅದು ಪೂರ್ಣವಾಗಿ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿಯಾಗಿ ಮಾರ್ಪಡುತ್ತದೆ. ಗಾಳಿ ಸಾಲದಾದಾಗ ಅದು ಅರೆಬರೆಯಾಗಿ ಉರಿಯುತ್ತದೆ. ಆಗ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ದೀಪವಾದರೆ ಆರಿಹೋಗಿ ನಮ್ಮನ್ನು ಎಚ್ಚರಿಸುತ್ತದೆ. ಗೀಸರಿನ ಉರಿಯು ಹಾಗೆ ಬೇಗನೆ ಆರುವುದಿಲ್ಲ; ಗಾಳಿ ಕೆಟ್ಟರೂ ಉರಿಯುತ್ತಲೇ ಇದ್ದು ವಿಷವನ್ನು ಹೆಚ್ಚಿಸುತ್ತ ಹೋಗುತ್ತದೆ.

ಒಂದು ಸರಳವಾದ ಲೆಕ್ಕ

ನಿಮಿಷಕ್ಕೆ ಆರು ಲೀಟರ್ ಬಿಸಿನೀರು ಕೊಡುವ ಸಾಧಾರಣ ಗ್ಯಾಸ್ ಗೀಸರಿನ ಶಕ್ತಿ ಸುಮಾರು 12 ಕಿಲೋವ್ಯಾಟ್. ಅಂದರೆ ಅಡುಗೆಮನೆಯ ಗ್ಯಾಸ್ ಒಲೆಯ ಐದಾರು ಉರಿಗಳನ್ನು ಒಟ್ಟಿಗೆ ಹಚ್ಚಿದಂತೆ. ಅದು ಒಂದು ಗಂಟೆ ಉರಿದರೆ ಸುಮಾರು ಒಂದು ಕಿಲೋ ಅನಿಲ ಖರ್ಚಾಗುತ್ತದೆ. ಒಂದು ಕಿಲೋ ಅನಿಲವು ಪೂರ್ಣವಾಗಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಹತ್ತು ನಿಮಿಷ ಗೀಸರ್ ಉರಿದರೆ ಎರಡು ಘನ ಮೀಟರ್ ಗಾಳಿ ಮುಗಿಯುತ್ತದೆ.

ಈಗ ಬಚ್ಚಲುಮನೆಯನ್ನು ಅಳೆಯೋಣ. ಐದು ಅಡಿ ಅಗಲ, ಆರು ಅಡಿ ಉದ್ದ, ಎಂಟು ಅಡಿ ಎತ್ತರದ ಕೋಣೆಯಲ್ಲಿ ಇರುವ ಗಾಳಿ 240 ಘನ ಅಡಿ, ಎಂದರೆ ಏಳು ಘನ ಮೀಟರಿಗಿಂತ ತುಸು ಕಡಿಮೆ. ಬಾಗಿಲು ಕಿಟಕಿ ಮುಚ್ಚಿದ್ದರೆ, ಒಬ್ಬರ ಸ್ನಾನ ಮುಗಿಯುವುದರೊಳಗೆ ಆ ಗಾಳಿಯ ಕಾಲು ಭಾಗಕ್ಕಿಂತ ಹೆಚ್ಚು ಉರಿಗೆ ಆಹುತಿಯಾಗುತ್ತದೆ. ಅದೇ ವೇಳೆಗೆ ಉರಿದ ಗಾಳಿಯು ಕೋಣೆಯಲ್ಲೇ ಸುತ್ತಿ ಮತ್ತೆ ಉರಿಗೆ ಸೇರುತ್ತದೆ. ಕೋಣೆಯ ಆಮ್ಲಜನಕವು ನೂರಕ್ಕೆ 21ರಿಂದ 18ರ ಸಮೀಪಕ್ಕೆ ಇಳಿದರೇ ಉರಿಯು ಕೆಡತೊಡಗುತ್ತದೆ. ಆ ಮಟ್ಟದಲ್ಲಿ ತಾನಾಗಿ ಆರುವಂತಹ ಸಾಧನವನ್ನು ಕೆಲವು ಉಪಕರಣಗಳಲ್ಲಿ ಅಳವಡಿಸುವುದು ಇದೇ ಕಾರಣದಿಂದ. ಹೀಗಿರುವಾಗ ಒಬ್ಬರ ಹಿಂದೆ ಮತ್ತೊಬ್ಬರು ಸ್ನಾನಕ್ಕೆ ಹೋದರೆ, ಎರಡನೆಯವರಿಗೂ ಮೂರನೆಯವರಿಗೂ ಉಳಿಯುವುದು ಕೆಟ್ಟ ಗಾಳಿಯೇ.

ಇನ್ನೊಂದು ಹೋಲಿಕೆಯನ್ನು ನೋಡಿರಿ. ಅನಿಲದ ಉಪಕರಣವು ಕೋಣೆಯ ಗಾಳಿಯಿಂದಲೇ ಉರಿಯಬೇಕಾದರೆ ಪ್ರತಿ ಕಿಲೋವ್ಯಾಟಿಗೆ ಸುಮಾರು 4.8 ಘನ ಮೀಟರ್ ಸ್ಥಳವಿರಬೇಕೆಂಬುದು ಅಮೆರಿಕ ದೇಶದಲ್ಲಿ ರೂಢಿಯಲ್ಲಿರುವ ನಿಯಮ. ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಬಿಡುವ ಉಪಕರಣಗಳಿಗೂ ಈ ನಿಯಮ ಅನ್ವಯಿಸುತ್ತದೆ. ಅದರಂತೆ ನಮ್ಮ ಗೀಸರಿಗೆ ಹದಿನೈದು ಅಡಿ ಉದ್ದ, ಹದಿನಾಲ್ಕು ಅಡಿ ಅಗಲ, ಹತ್ತು ಅಡಿ ಎತ್ತರದ ಹಜಾರವೇ ಬೇಕಾಗುತ್ತದೆ. ನಾವು ಅದನ್ನು ಇಟ್ಟಿರುವುದು ಅದರ ಎಂಟನೆಯ ಒಂದು ಪಾಲಿನಷ್ಟಿರುವ ಬಚ್ಚಲಿನಲ್ಲಿ. ಕೋಣೆಯನ್ನು ದೊಡ್ಡದು ಮಾಡಲು ಸಾಧ್ಯವಿಲ್ಲ. ಆದುದರಿಂದ ಬೆಂಕಿಯನ್ನು ಹೊರಗೆ ಸಾಗಿಸುವುದೇ ಮಾರ್ಗ.

ವಿಷಾನಿಲದ ಸ್ವಭಾವ

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಸೌದೆಯ ಹೊಗೆಯಾದರೆ ನಮ್ಮನ್ನು ತಾನೇ ಹೊರಗೆ ಓಡಿಸುತ್ತದೆ. ಈ ಅನಿಲವು ಯಾವ ಸೂಚನೆಯನ್ನೂ ಕೊಡುವುದಿಲ್ಲ.

ನಮ್ಮ ರಕ್ತದ ಕೆಂಪು ಕಣಗಳಲ್ಲಿರುವ ಹೀಮೊಗ್ಲೋಬಿನ್ ಎಂಬ ವಸ್ತುವು ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ದೇಹದ ಎಲ್ಲ ಭಾಗಗಳಿಗೂ ಮುಟ್ಟಿಸುತ್ತದೆ. ಇದನ್ನು ಹಳ್ಳಿಯಿಂದ ಸಂತೆಗೆ ಹೋಗುವ ಬಸ್ಸಿಗೆ ಹೋಲಿಸಬಹುದು. ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿಯಿಂದ ಹೀಮೊಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಬಸ್ಸಿನ ಆಸನಗಳನ್ನೆಲ್ಲ ಅದು ಹಿಡಿದುಕೊಂಡು ಇಳಿಯದೆ ಕುಳಿತರೆ, ಆಮ್ಲಜನಕಕ್ಕೆ ಸ್ಥಳವೆಲ್ಲಿ? ಉಸಿರು ಆಡುತ್ತಲೇ ಇರುತ್ತದೆ, ಹೃದಯ ಬಡಿಯುತ್ತಲೇ ಇರುತ್ತದೆ. ಆದರೆ ಮೆದುಳಿಗೂ ಹೃದಯಕ್ಕೂ ಆಮ್ಲಜನಕ ತಲುಪುವುದಿಲ್ಲ. ಸಾವಿರ ಪಾಲು ಗಾಳಿಯಲ್ಲಿ ಮೂರು ಪಾಲು ಈ ಅನಿಲ ಸೇರಿದರೂ ಸುಮಾರು ಅರ್ಧ ಗಂಟೆಯಲ್ಲಿ ಪ್ರಾಣಕ್ಕೆ ಅಪಾಯ ಒದಗಬಹುದು.

ಗರ್ಭಿಣಿಗೂ ಶಿಶುವಿಗೂ ಹೆಚ್ಚಿನ ಅಪಾಯ

ಗರ್ಭಸ್ಥ ಶಿಶುವು ತಾಯಿಯ ರಕ್ತದಿಂದಲೇ ಆಮ್ಲಜನಕವನ್ನು ಪಡೆಯುತ್ತದೆ. ತಾಯಿಯ ರಕ್ತಕ್ಕೆ ಸೇರಿದ ವಿಷಾನಿಲವು ಮಾಸಿನ ಮೂಲಕ ಶಿಶುವಿನ ರಕ್ತಕ್ಕೂ ಹೋಗುತ್ತದೆ. ಅಲ್ಲಿ ಅದು ತಾಯಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಶೇಖರವಾಗಿ, ತಾಯಿಯ ದೇಹವನ್ನು ಬಿಟ್ಟ ಮೇಲೆಯೂ ಬಹಳ ಹೊತ್ತು ಉಳಿಯುತ್ತದೆ. ಆದುದರಿಂದ ತಾಯಿಗೆ ಬರಿಯ ತಲೆಸುತ್ತು ಬಂದಷ್ಟರಲ್ಲಿಯೇ ಶಿಶುವಿಗೆ ಹಾನಿ ಆಗಿರಬಹುದು. ತಾಯಿ ಚೇತರಿಸಿಕೊಂಡಂತೆ ಕಂಡರೂ ಆಕೆಗೆ ಆಮ್ಲಜನಕದ ಚಿಕಿತ್ಸೆಯನ್ನು ಇನ್ನೂ ಹೆಚ್ಚು ಹೊತ್ತು ಮುಂದುವರಿಸುವುದು ಇದೇ ಕಾರಣದಿಂದ.

ಎಳೆಯ ಮಕ್ಕಳು ದೊಡ್ಡವರಿಗಿಂತ ವೇಗವಾಗಿ ಉಸಿರಾಡುವುದರಿಂದ ಅವರಿಗೆ ವಿಷವು ಬೇಗ ಏರುತ್ತದೆ. ರಕ್ತಹೀನತೆಯುಳ್ಳವರು, ಹೃದ್ರೋಗಿಗಳು ಮತ್ತು ವೃದ್ಧರು ಸ್ವಲ್ಪ ಪ್ರಮಾಣವನ್ನೂ ತಾಳಲಾರರು.

ಗುರುತಿಸಬೇಕಾದ ಲಕ್ಷಣಗಳು

ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಕಾಲುಗಳಲ್ಲಿ ಶಕ್ತಿಯಿಲ್ಲದಂತಾಗುವುದು. ಬಳಿಕ ಮಂಕು ಕವಿಯುವುದು, ವಾಂತಿ, ಎದೆ ಬಡಿತ. ಕಡೆಯಲ್ಲಿ ಪ್ರಜ್ಞೆ ತಪ್ಪುವುದು. ಕೆಲವರಿಗೆ ಫಿಟ್ಸಿನಂತೆ ಕೈಕಾಲು ಸೆಟೆದುಕೊಳ್ಳಬಹುದು. ಕಾಲುಗಳ ಬಲ ಮೊದಲೇ ಕುಂದುವುದರಿಂದ, ಅಪಾಯ ತಿಳಿದರೂ ಎದ್ದು ಚಿಲಕ ತೆಗೆಯಲು ಸಾಧ್ಯವಾಗದೆ ಹೋಗುತ್ತದೆ. ಬದುಕಿ ಉಳಿದ ಕೆಲವರಲ್ಲಿ ದಿನಗಳು ಅಥವಾ ವಾರಗಳು ಕಳೆದ ಮೇಲೆ ಮರೆವು, ನಡಿಗೆಯ ತೊಡಕು, ಸ್ವಭಾವದ ಬದಲಾವಣೆ ಕಾಣಿಸಿಕೊಳ್ಳುವುದುಂಟು.

ಬಚ್ಚಲಿನಲ್ಲಿ ಬಿದ್ದವರನ್ನು ಮೂರ್ಛೆರೋಗಿಗಳೆಂದು ಭಾವಿಸಿ ವರ್ಷಗಟ್ಟಲೆ ಔಷಧಿ ಕೊಡಬಾರದು. ಗಾಳಿ ಸೋಕಿತೆಂದು ಮಂತ್ರ ಹಾಕಿಸುತ್ತ ಕೂರಬಾರದು. ಈ ಕೆಳಗಿನ ಮೂರು ಪ್ರಶ್ನೆಗಳನ್ನು ದಂಪತಿಗಳು ತಮ್ಮನ್ನು ತಾವೇ ಕೇಳಿಕೊಳ್ಳಲಿ:

1. ತಲೆನೋವು ಅಥವಾ ತಲೆಸುತ್ತು ಸ್ನಾನದ ವೇಳೆಯಲ್ಲಿ ಅಥವಾ ಸ್ನಾನವಾದ ಕೂಡಲೇ ಬರುತ್ತದೆಯೇ?
2. ಹೊರಗಿನ ಗಾಳಿಗೆ ಬಂದರೆ ಇಳಿಯುತ್ತದೆಯೇ?
3. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಹಾಗೆ ಆಗುತ್ತಿದೆಯೇ?

ಇವುಗಳಲ್ಲಿ ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ ಅಂದೇ ಗೀಸರಿನ ಬಳಕೆಯನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಕೆಲವು ತಪ್ಪು ತಿಳಿವಳಿಕೆಗಳು

"ಗ್ಯಾಸಿನ ವಾಸನೆ ಬರುತ್ತಿಲ್ಲ, ಆದುದರಿಂದ ಅಪಾಯವಿಲ್ಲ" ಎನ್ನುವವರುಂಟು. ಸೋರಿಕೆಯನ್ನು ಕಂಡುಹಿಡಿಯಲೆಂದೇ ಅಡುಗೆ ಅನಿಲಕ್ಕೆ ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಅದು ಉರಿಯದ ಅನಿಲದ ವಾಸನೆ. ಉರಿದ ಮೇಲೆ ಹುಟ್ಟುವ ವಿಷಾನಿಲಕ್ಕೆ ವಾಸನೆಯೇ ಇಲ್ಲ.

"ಉರಿ ನೀಲಿಯಾಗಿದೆ" ಎಂದು ನೆಮ್ಮದಿಯಿಂದಿರುವವರೂ ಇದ್ದಾರೆ. ಹಳದಿ ಉರಿ, ಮಸಿ ಇವು ಕೆಟ್ಟ ಉರಿಯ ಗುರುತುಗಳೆಂಬುದು ನಿಜ. ಆದರೆ ಬಾಗಿಲು ಮುಚ್ಚುವ ಮುನ್ನ ನೀಲಿಯಾಗಿದ್ದ ಉರಿಯು ಹತ್ತು ನಿಮಿಷಗಳ ಬಳಿಕ ಹಾಗೆಯೇ ಇರುವುದೆಂಬ ಭರವಸೆಯಿಲ್ಲ.

"ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ 98 ಬಂದಿದೆ" ಎಂದು ಆಸ್ಪತ್ರೆಗೆ ಬಾರದೆ ಉಳಿಯುವವರಿಗೆ ವಿಶೇಷವಾಗಿ ಹೇಳಬೇಕಾದ ಮಾತಿದೆ. 2020ರ ಕೋವಿಡ್ ಪಿಡುಗಿನ ನಂತರ ಈ ಸಾಧನವು ಅನೇಕ ಮನೆಗಳಲ್ಲಿದೆ. ಅದು ಆಮ್ಲಜನಕ ಅಂಟಿದ ಹೀಮೊಗ್ಲೋಬಿನ್ನಿಗೂ ವಿಷಾನಿಲ ಅಂಟಿದ ಹೀಮೊಗ್ಲೋಬಿನ್ನಿಗೂ ಭೇದವನ್ನು ತಿಳಿಯಲಾರದು. ಈ ವಿಷದ ವಿಷಯದಲ್ಲಿ ಆ ಅಂಕಿಯನ್ನು ನಂಬಬಾರದು.

ಗೀಸರಿಗೆ ತಕ್ಕ ಸ್ಥಳ

ಗ್ಯಾಸ್ ಗೀಸರ್ ಮತ್ತು ಅನಿಲದ ಸಿಲಿಂಡರ್ ಎರಡೂ ಬಚ್ಚಲುಮನೆಯ ಹೊರಗೆ, ಬಯಲು ಗಾಳಿ ಆಡುವ ಸ್ಥಳದಲ್ಲಿ ಇರಬೇಕು. ಹಿತ್ತಲ ಗೋಡೆಯ ಮೇಲೆ, ಮಳೆ ಬೀಳದಂತೆ ಸೂರಿನ ಕೆಳಗೆ, ಬಚ್ಚಲಿನ ಕಿಟಕಿಯಿಂದ ದೂರದಲ್ಲಿ ಗೀಸರನ್ನು ಹಾಕಿಸಿರಿ. ಬಿಸಿನೀರಿನ ಕೊಳವೆಯೊಂದು ಮಾತ್ರ ಗೋಡೆಯನ್ನು ತೂರಿ ಒಳಗೆ ಬರಲಿ. ಹಂಡೆ ಒಲೆಯ ಬಾಯಿಯನ್ನು ಹೊರಗಿಟ್ಟ ಹಿರಿಯರ ಕ್ರಮವೇ ಇದು. ಸುತ್ತಲೂ ತಗಡು ಬಡಿದು ಪೆಟ್ಟಿಗೆಯಂತೆ ಮುಚ್ಚಿದರೆ ಹೊರಗಿಟ್ಟ ಪ್ರಯೋಜನವೇ ಇಲ್ಲವಾಗುತ್ತದೆ.

ಕಳ್ಳತನದ ಭಯ, ಕೊಳವೆಯ ಖರ್ಚು ಇವು ಅನೇಕರು ಹೇಳುವ ಅಡ್ಡಿಗಳು. ಗೀಸರಿಗೆ ಕಬ್ಬಿಣದ ಸರಳಿನ ಗೂಡು ಮಾಡಿಸಬಹುದು. ಸರಳಿನ ನಡುವೆ ಗಾಳಿ ಆಡುತ್ತದೆ. ಕೊಳವೆಗೆ ತಗಲುವ ವೆಚ್ಚವು ಒಂದು ಜೀವದ ಮುಂದೆ ಲೆಕ್ಕಕ್ಕೆ ಬಾರದು.

ಕೊಳ್ಳುವಾಗ ಐ.ಎಸ್.ಐ. ಗುರುತು ಇರುವ ಗೀಸರನ್ನೇ ಕೊಳ್ಳಿರಿ. ಆದರೆ ಗುರುತು ಇದ್ದ ಮಾತ್ರಕ್ಕೆ ಅದನ್ನು ಮುಚ್ಚಿದ ಕೋಣೆಯಲ್ಲಿ ಇಡಬಹುದೆಂದು ಅರ್ಥವಲ್ಲ.

ಗಾಳಿಗೊಂದು ದಾರಿ, ಹೊಗೆಗೊಂದು ದಾರಿ

ಮನೆಯ ಒಳಗೆ ಯಾವ ಬೆಂಕಿ ಉರಿದರೂ ಎರಡು ದಾರಿಗಳು ಇರಲೇಬೇಕು. ತಂಪಾದ ಹೊಸ ಗಾಳಿಯು ಕೆಳಗಿನಿಂದ ಒಳಗೆ ಬರಬೇಕು. ಬಿಸಿಯಾದ ಹೊಗೆಯು ಮೇಲಿನಿಂದ ಹೊರಗೆ ಹೋಗಬೇಕು. ಒಂದೇ ದಾರಿಯಿದ್ದರೆ ಸಾಲದು. ಬರುವ ಗಾಳಿಯಿಲ್ಲದೆ ಹೊಗೆಯು ಹೊರಗೆ ಸಾಗುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗವು ರೂಪಿಸಿದ ಅಸ್ತ್ರ ಒಲೆಯನ್ನು ನಮ್ಮ ಹಳ್ಳಿಗಳ ಹಿರಿಯರು ಬಲ್ಲರು. ಅದರಲ್ಲಿ ಸೌದೆಯ ಕೆಳಗಿನ ಜಾಲರಿಯ ಮೂಲಕ ಗಾಳಿ ಬರುತ್ತದೆ. ಹೊಗೆಯು ಚಿಮಣಿಯ ಮೂಲಕ ಮಾಡಿನ ಮೇಲೆ ಹೋಗುತ್ತದೆ. ಸೌದೆಯಾಗಲಿ ಅನಿಲವಾಗಲಿ, ತತ್ವವೊಂದೇ.

ಸ್ಥಳದ ಅಭಾವದಿಂದ ಗೀಸರನ್ನು ಒಳಗೆ ಇಡಲೇಬೇಕಾದ ಪ್ರಸಂಗವಿದ್ದರೆ ಬಚ್ಚಲನ್ನು ಬಿಟ್ಟು ಬೇರೆ ವಿಶಾಲವಾದ ಸ್ಥಳವನ್ನು ಆರಿಸಬೇಕು. ಹೊಗೆಯ ಕೊಳವೆ ಜೋಡಿಸಲು ತಯಾರಾದ ಮಾದರಿಯನ್ನೇ ಕೊಂಡು, ಈ ಕೆಳಗಿನ ಅಂಶಗಳನ್ನು ತಪ್ಪದೆ ಪಾಲಿಸಬೇಕು.

1. ಹೊಗೆಯ ಕೊಳವೆಯು ಲೋಹದ್ದಾಗಿರಬೇಕು. ಪ್ಲಾಸ್ಟಿಕ್ ಕೊಳವೆಯು ಬಿಸಿಗೆ ಕರಗುತ್ತದೆ.
2. ಕೊಳವೆಯು ಮೇಲ್ಮುಖವಾಗಿಯೇ ಸಾಗಬೇಕು. ತಿರುವುಗಳು ಕಡಿಮೆ ಇದ್ದಷ್ಟೂ ಒಳ್ಳೆಯದು. ಅದರ ತುದಿಯು ಸೂರನ್ನು ದಾಟಿ, ಕಿಟಕಿಗಳಿಂದ ದೂರವಾಗಿ, ಮಳೆನೀರು ಇಳಿಯದಂತೆ ಟೋಪಿಯನ್ನು ಹೊಂದಿರಬೇಕು.
3. ನೆಲದಿಂದ ಒಂದು ಅಡಿಯೊಳಗೆ ಒಂದು ಗಾಳಿಕಿಂಡಿ, ಸೂರಿನಿಂದ ಒಂದು ಅಡಿಯೊಳಗೆ ಇನ್ನೊಂದು ಗಾಳಿಕಿಂಡಿ ಹೊರಗಿನ ಬಯಲಿಗೆ ತೆರೆದಿರಬೇಕು. ಒಂದೊಂದು ಕಿಂಡಿಯೂ ಕನಿಷ್ಠ ಎರಡು ಇಟ್ಟಿಗೆಗಳನ್ನು ತೆಗೆದಷ್ಟು ದೊಡ್ಡದಿರಲಿ. ಇವುಗಳಿಗೆ ಮುಚ್ಚುವ ಬಾಗಿಲು ಇರಕೂಡದು. ಕೆಳಗಿನ ಕಿಂಡಿಯಿಂದ ಇನ್ನೊಂದು ಉಪಯೋಗವುಂಟು: ಸೋರಿದ ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿ ತಂಗುತ್ತದೆ, ಅದಕ್ಕೂ ಹೊರಹೋಗಲು ದಾರಿಯಾಗುತ್ತದೆ.
4. ಗಾಳಿಯನ್ನು ಹೊರದೂಡುವ ಫ್ಯಾನನ್ನು ಮಾತ್ರವೇ ನಂಬಬಾರದು. ಒಳಬರುವ ಗಾಳಿಗೆ ದಾರಿಯಿಲ್ಲದಿದ್ದರೆ ಆ ಫ್ಯಾನು ಹೊಗೆಯ ಕೊಳವೆಯಿಂದಲೇ ಗಾಳಿಯನ್ನು ಎಳೆದು, ವಿಷವನ್ನು ಕೋಣೆಗೆ ಮರಳಿ ತರುತ್ತದೆ.
5. ಚಳಿಗಾಲದಲ್ಲಿ ಕಿಂಡಿಗಳಿಗೆ ಗೋಣಿಚೀಲ, ಕಾಗದ, ಬಟ್ಟೆ ತುರುಕಬಾರದು. ಅಪಾಯವು ಚಳಿಗಾಲದಲ್ಲಿ ಹೆಚ್ಚುವುದಕ್ಕೆ ಇದೇ ಮುಖ್ಯ ಕಾರಣ.

ವರ್ಷಕ್ಕೊಮ್ಮೆ ನುರಿತ ಕೆಲಸಗಾರರಿಂದ ಗೀಸರನ್ನು ಬಿಚ್ಚಿಸಿ ಮಸಿಯನ್ನು ತೆಗೆಸಿರಿ. ಜೇಡರ ಬಲೆ, ಕಣಜದ ಗೂಡು, ಹಕ್ಕಿಯ ಕಸಕಡ್ಡಿ ಇವು ಕೊಳವೆಯನ್ನು ಕಟ್ಟಿಹಾಕುತ್ತವೆ. ಕಾರ್ಬನ್ ಮಾನಾಕ್ಸೈಡನ್ನು ಗುರುತಿಸಿ ಕೂಗುವ ಚಿಕ್ಕ ಉಪಕರಣಗಳು ದೊರೆಯುತ್ತವೆ, ಅನುಕೂಲವಿದ್ದವರು ಇಟ್ಟುಕೊಳ್ಳಬಹುದು. ಅನಿಲದ ಸೋರಿಕೆಯನ್ನು ತಿಳಿಸುವ ಉಪಕರಣವು ಬೇರೆ. ಅದು ಈ ವಿಷವನ್ನು ಗುರುತಿಸುವುದಿಲ್ಲ.

ಗೀಸರನ್ನು ಹೊರಗೆ ಸಾಗಿಸುವವರೆಗೆ

ಹಣ ಕೂಡಿಸಲು, ಕೆಲಸಗಾರರು ಸಿಗಲು ಕೆಲವು ದಿನ ಹಿಡಿಯಬಹುದು. ಅಲ್ಲಿಯವರೆಗೆ ಒಲೆಯ ಮೇಲೆ ಅಥವಾ ಹೊರಗಿನ ಹಂಡೆಯಲ್ಲಿ ನೀರು ಕಾಯಿಸಿಕೊಳ್ಳುವುದು ಎಲ್ಲಕ್ಕಿಂತ ಕ್ಷೇಮ. ಅದಾಗದಿದ್ದರೆ ಈ ಕ್ರಮವನ್ನು ಮನೆಯವರೆಲ್ಲರೂ ಪಾಲಿಸಿರಿ: ಬಚ್ಚಲಿನ ಬಾಗಿಲು ಮತ್ತು ಕಿಟಕಿಯನ್ನು ಪೂರ್ತಿ ತೆರೆಯಿರಿ. ಗೀಸರ್ ಹಚ್ಚಿ ಬಕೆಟ್ಟನ್ನು ತುಂಬಿಸಿರಿ. ತುಂಬುವಾಗ ಒಳಗೆ ನಿಲ್ಲಬೇಡಿರಿ. ಗೀಸರನ್ನು ಆರಿಸಿ, ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿರಿ. ಹಲವು ನಿಮಿಷ ಗಾಳಿಯಾಡಲು ಬಿಟ್ಟು, ಆಮೇಲೆ ಸ್ನಾನಕ್ಕೆ ಹೋಗಿರಿ. ಉರಿಯುವ ಗೀಸರಿನ ಕೆಳಗೆ ಯಾರೂ ಸ್ನಾನ ಮಾಡಬಾರದು. ಗರ್ಭಿಣಿಯರಿಗೂ ಮಕ್ಕಳಿಗೂ ನೀರನ್ನು ಹೊರಗಿನಿಂದಲೇ ಹೊತ್ತು ತಂದುಕೊಡಿರಿ. ಒಬ್ಬರು ಸ್ನಾನಕ್ಕೆ ಹೋದಾಗ ಇನ್ನೊಬ್ಬರು ಹೊರಗಿನಿಂದ ಆಗಾಗ ಮಾತನಾಡಿಸುತ್ತಿರಲಿ. ಒಳಗಿನ ಚಿಲಕವನ್ನು ಹಾಕದಿರುವುದು ಲೇಸು.

ಬಾಣಂತಿಯ ಕೋಣೆಯಲ್ಲಿ

ಇದೇ ವಿಷವು ಕೆಂಡದಿಂದಲೂ ಹುಟ್ಟುತ್ತದೆ. ತಾಯಿಗೂ ಕೂಸಿಗೂ ಬೆಚ್ಚಗಿರಲೆಂದು ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುವ ವಾಡಿಕೆ ನಮ್ಮಲ್ಲಿದೆ. ಹೊಗೆಯಾಡದ ನಿಗಿನಿಗಿ ಕೆಂಡವು ನಿರಪಾಯವೆಂದು ಅಜ್ಜಿಯರು ನಂಬುತ್ತಾರೆ. ಕಣ್ಣಿಗೆ ಕಾಣುವ ಹೊಗೆ ಇಲ್ಲದಿದ್ದರೂ ಇದ್ದಿಲಿನ ಕೆಂಡವು ಕಾರ್ಬನ್ ಮಾನಾಕ್ಸೈಡನ್ನು ಧಾರಾಳವಾಗಿ ಬಿಡುತ್ತದೆ. ಬಾಗಿಲು ಮುಚ್ಚಿ ಕೆಂಡವನ್ನು ರಾತ್ರಿಯಿಡೀ ಇಟ್ಟು ಮಲಗುವುದು ತಾಯಿ ಮಗು ಇಬ್ಬರಿಗೂ ಅತ್ಯಂತ ಅಪಾಯಕರ. ಕೂಸನ್ನು ಬೆಚ್ಚಗಿಡಲು ತಾಯಿಯ ಎದೆಗೆ ಮೈತಾಗುವಂತೆ ಮಲಗಿಸಿ ಹೊದಿಸುವುದು, ತಲೆಗೆ ಕುಲಾವಿ, ಕಾಲಿಗೆ ಚೀಲ ತೊಡಿಸುವುದು ಇವೇ ಉತ್ತಮ ಉಪಾಯಗಳು. ಹಿರಿಯರ ಮನಸ್ಸನ್ನು ನೋಯಿಸದೆ ಈ ವಿಷಯವನ್ನು ಅವರಿಗೆ ತಿಳಿಯಹೇಳುವುದು ಪತಿಯ ಕರ್ತವ್ಯ.

ಅಪಘಾತವಾದಾಗ ಮಾಡಬೇಕಾದುದು

1. ಸಾಧ್ಯವಾದರೆ ಹೊರಗಿನಿಂದಲೇ ಅನಿಲವನ್ನು ನಿಲ್ಲಿಸಿರಿ. ಬಾಗಿಲು, ಕಿಟಕಿ ತೆರೆಯಿರಿ. ಅನಿಲದ ವಾಸನೆ ಇದ್ದರೆ ವಿದ್ಯುತ್ ಗುಂಡಿಗಳನ್ನು ಮುಟ್ಟಬೇಡಿರಿ, ಬೆಂಕಿ ಹಚ್ಚಬೇಡಿರಿ.
2. ಉಸಿರು ಬಿಗಿಹಿಡಿದು ಒಳಹೋಗಿ, ಬಿದ್ದವರನ್ನು ಕೂಡಲೇ ಬಯಲಿಗೆ ಎಳೆದು ತನ್ನಿರಿ. ಉಪಚಾರವನ್ನು ಬಚ್ಚಲಿನ ಒಳಗೆ ಮಾಡುತ್ತ ನಿಂತರೆ ನೀವೂ ಬೀಳುವಿರಿ.
3. ಉಸಿರಾಟವಿದ್ದರೆ ಒಂದು ಮಗ್ಗುಲಿಗೆ ಮಲಗಿಸಿರಿ. ಉಸಿರು ನಿಂತಿದ್ದರೆ, ತರಬೇತಿ ಪಡೆದವರು ಎದೆ ಒತ್ತುವ ಮತ್ತು ಉಸಿರು ಊದುವ ಪ್ರಥಮ ಚಿಕಿತ್ಸೆಯನ್ನು ಆರಂಭಿಸಲಿ.
4. ಪ್ರಜ್ಞೆಯಿಲ್ಲದವರಿಗೆ ನೀರು, ಕಾಫಿ ಕುಡಿಸಬೇಡಿರಿ. ಈರುಳ್ಳಿ ಮೂಸಿಸುತ್ತ ಹೊತ್ತು ಕಳೆಯಬೇಡಿರಿ.
5. ತಡಮಾಡದೆ 108ಕ್ಕೆ ಕರೆ ಮಾಡಿರಿ. ಅಡುಗೆ ಅನಿಲ ಸೋರುತ್ತಿದ್ದರೆ 1906ಕ್ಕೂ ತಿಳಿಸಿರಿ.
6. "ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿತ್ತು" ಎಂಬ ಮಾತನ್ನು ವೈದ್ಯರಿಗೆ ಮೊದಲು ಹೇಳಿರಿ. ಗರ್ಭಿಣಿಯಾಗಿದ್ದರೆ ಅದನ್ನೂ ಹೇಳಿರಿ.

ಸಾಧಾರಣ ಗಾಳಿಯಲ್ಲಿ ರಕ್ತದಲ್ಲಿರುವ ವಿಷದ ಅರ್ಧ ಭಾಗ ಹೋಗಲು ನಾಲ್ಕೈದು ಗಂಟೆಗಳು ಬೇಕು. ಶುದ್ಧ ಆಮ್ಲಜನಕವನ್ನು ಕೊಟ್ಟರೆ ಒಂದು ಒಂದೂವರೆ ಗಂಟೆ ಸಾಕು. ಎಚ್ಚರ ಬಂದಿತೆಂದು ಮನೆಯಲ್ಲೇ ಉಳಿಸಿಕೊಳ್ಳದೆ ಆಸ್ಪತ್ರೆಗೆ ಕರೆದೊಯ್ಯಬೇಕಾದುದು ಇದಕ್ಕಾಗಿಯೇ.

ಕೊನೆಯ ಮಾತು

ನಾನು ಮೊದಲು ಹೇಳಿದ ಆ ದಂಪತಿಗಳು ಊರಿಗೆ ಮರಳಿದ ವಾರದಲ್ಲೇ ಗೀಸರನ್ನು ಹಿತ್ತಲ ಗೋಡೆಗೆ ಹಾಕಿಸಿದರು. ಬಚ್ಚಲಿನ ಕಿಟಕಿಯ ಗಾಜನ್ನು ತೆಗೆಸಿ ಬರಿಯ ಜಾಲರಿಯನ್ನು ಇರಿಸಿದರು. ಅವರನ್ನು ನೋಡಿ ಅದೇ ಬೀದಿಯ ಇನ್ನೂ ಕೆಲವರು ಹಾಗೆಯೇ ಮಾಡಿದರು. ಆ ಕೆಲಸಕ್ಕೆ ಒಂದು ದಿನವೂ ಪೂರ್ತಿ ಹಿಡಿಯಲಿಲ್ಲ.

ಸುಖೀ ಸಂಸಾರಕ್ಕೆ ಮಿತವಾದ ಮಕ್ಕಳು, ಪೌಷ್ಟಿಕ ಆಹಾರ, ಶುದ್ಧವಾದ ನೀರು ಎಷ್ಟು ಅಗತ್ಯವೋ ಮನೆಯೊಳಗಿನ ಶುದ್ಧ ಗಾಳಿಯೂ ಅಷ್ಟೇ ಅಗತ್ಯ. ಇಂದು ಸಂಜೆ ಪತಿಪತ್ನಿಯರಿಬ್ಬರೂ ಕೂಡಿ ನಿಮ್ಮ ಬಚ್ಚಲುಮನೆಯಲ್ಲಿ ನಿಂತು ನೋಡಿರಿ: ಬೆಂಕಿ ಎಲ್ಲಿದೆ? ಅದಕ್ಕೆ ಗಾಳಿ ಎಲ್ಲಿಂದ ಬರುತ್ತದೆ? ಅದರ ಹೊಗೆ ಎಲ್ಲಿಗೆ ಹೋಗುತ್ತದೆ? ಈ ಮೂರಕ್ಕೂ ಸರಿಯಾದ ಉತ್ತರ ದೊರೆಯದಿದ್ದರೆ, ನಾಳಿನ ಸ್ನಾನಕ್ಕೆ ಆ ಗೀಸರನ್ನು ಹಚ್ಚಬೇಡಿರಿ.

ಬೆಂಕಿ ಹೊರಗಿರಲಿ, ಬಿಸಿನೀರು ಒಳಗೆ ಬರಲಿ.